ದೊರೆಯ ಏಳನೆಯ ಪುಟ

ಸಿಡುಕನ ಕೋಪಕ್ಕೆ ಕಾರಣ ಬೇಕಿರಲಿಲ್ಲ, ಬೆಳಗಾದರೆ ಸಾಕಿತ್ತು. ಸ್ಟೇಪ್ಲರಿನ ಪಿನ್ನು ಸೊಟ್ಟಗಾದರೆ ಸ್ಟೇಪ್ಲರಿನ ಏಳು ತಲೆಮಾರನ್ನು ಜಾಲಾಡುತ್ತಿದ್ದ. ಜೆರಾಕ್ಸ್ ಯಂತ್ರದೊಳಗೆ ಕಾಗದ ಸಿಕ್ಕಿಕೊಂಡರೆ ಯಂತ್ರದ ಜೊತೆ ಮಾತು ಬಿಡುತ್ತಿದ್ದ. ಒಮ್ಮೆ ಹೀಗೆ ಎರಡು ದಿನ ಮಾತು ಬಿಟ್ಟು, ಕೊನೆಗೆ ಮಾವನೇ ನಡುವೆ ನಿಂತು ರಾಜಿ ಮಾಡಿಸಬೇಕಾಯಿತು. ಹೆತ್ತವರು ಇಟ್ಟ ಹೆಸರೊಂದು ಬೇರೆ ಇತ್ತು, ಆದರೆ ಅದನ್ನು ಹಿಡಿದು ಕರೆಯುವ ಧೈರ್ಯ ಯಾರಿಗೂ ಉಳಿದಿರಲಿಲ್ಲ. ಆ ಹೆಸರು ತೀರಾ ಸೌಮ್ಯವಾಗಿತ್ತು, ಕರೆದರೆ ಅಣಕಿಸಿದ ಹಾಗೆ ಕೇಳುತ್ತಿತ್ತು.

ಅಂಗಡಿ ಸೋದರಮಾವನದು. ಹೈಸ್ಕೂಲಿನ ಗೇಟಿಗೆ ನೇರ ಎದುರು, ಹತ್ತು ಹೆಜ್ಜೆ ಉದ್ದ, ನಾಲ್ಕು ಹೆಜ್ಜೆ ಅಗಲ. ಮುಂದೆ ಜೆರಾಕ್ಸ್ ಯಂತ್ರ, ಅದರ ಹಿಂದೆ ಅತ್ತೆಯ ಕಂಪ್ಯೂಟರು, ತೀರಾ ಒಳಗೆ ಗೋಡೆಗೆ ಬೆನ್ನು ಒರಗುವಷ್ಟು ಜಾಗದಲ್ಲಿ ಸಿಡುಕನ ಬೈಂಡಿಂಗ್ ಮೇಜು. ಮೇಜಿನ ಮೇಲೆ ದಬ್ಬಳ, ಮೇಣ ಹಚ್ಚಿದ ದಾರ, ಅಂಟಿನ ಡಬ್ಬಿ. ತಲೆಯ ಮೇಲಿನ ಹಲಗೆಯಲ್ಲಿ ಸಾಲಾಗಿ ಇಪ್ಪತ್ತೆರಡು ಚಪ್ಪಲಿ ಡಬ್ಬಗಳು. ಅವುಗಳಲ್ಲಿದ್ದದ್ದು ಚಪ್ಪಲಿಯಲ್ಲ, ತಾಯಿಪ್ರತಿಗಳು.

ತಾಯಿಪ್ರತಿ ಎಂದರೆ ಇಷ್ಟೇ. ಶಾಲೆಯವರು ಮಕ್ಕಳಿಗೆ ವರ್ಷ ವರ್ಷವೂ ಅದದೇ ಪ್ರಾಜೆಕ್ಟು ಕೊಡುತ್ತಾರೆ. ಯಾವನೋ ಒಬ್ಬ ಪಾಪದವನು ಒಮ್ಮೆ ಕೂತು ಬರೆದಿರುತ್ತಾನೆ. ಅದರದೊಂದು ಪ್ರತಿ ಅಂಗಡಿಯ ಡಬ್ಬದಲ್ಲಿ ಉಳಿಯುತ್ತದೆ. ಆಮೇಲೆ ಬರುವವರೆಲ್ಲ ಅದನ್ನೇ ಹೆರಿಸಿಕೊಂಡು ಹೋಗುತ್ತಾರೆ. ಪ್ರಾಜೆಕ್ಟಿನ ತಿಂಗಳು ಬಂತೆಂದರೆ ಗೇಟಿನ ಕಡೆಯಿಂದ ಹಿಂಡು ಹಿಂಡಾಗಿ ಬಂದು, ಕಿರಾಣಿ ಅಂಗಡಿಯ ಮುಂದೆ ನಿಂತವರ ಹಾಗೆ ಕೈ ಚಾಚುತ್ತಿದ್ದರು. "ಅಂಕಲ್, ಎರಡು ಕಪ್ಪೆ, ಒಂದು ಜ್ವಾಲಾಮುಖಿ." "ನನಗೊಂದು ದೊರೆ. ಹೊದಿಕೆ ನೀಲಿ ಇರಲಿ."

ಎಲ್ಲಕ್ಕಿಂತ ಹೆಚ್ಚು ಹೋಗುತ್ತಿದ್ದದ್ದು ದೊರೆಯೇ. 'ಪ್ರಾಚೀನ ದಿಗ್ವಿಜಯಿಯ ಜೀವನಚರಿತ್ರೆ', ಹದಿನೈದು ಪುಟ. ದೊರೆಯನ್ನು ಎಲ್ಲರೂ ಮೊಂಡುಮೂಗ ಎನ್ನುತ್ತಿದ್ದರು. ಹದಿನೇಳು ನದಿ ದಾಟಿ ರಾಜ್ಯ ಕಟ್ಟಿದವನು, ಆದರೆ ಉಳಿದಿರುವ ಒಂದೇ ಒಂದು ವಿಗ್ರಹದಲ್ಲಿ ಮೂಗು ಮುರಿದಿತ್ತು. ಆ ಫೋಟೋವೇ ಪಠ್ಯಪುಸ್ತಕದಲ್ಲಿತ್ತು. ಅಲ್ಲಿಗೆ ಅವನ ದಿಗ್ವಿಜಯವೆಲ್ಲ ನೀರುಪಾಲಾಗಿ ಮೂಗೊಂದೇ ಉಳಿಯಿತು.

ಈ ದೊರೆಯ ತಾಯಿಪ್ರತಿಯನ್ನು ಸಿಡುಕ ಏಳು ವರ್ಷದಿಂದ ತೆರೆದು ನೋಡಿರಲಿಲ್ಲ. ಹೊಲಿಯಬೇಕಾದರೂ ಮುಖ ಆಚೆ ತಿರುಗಿಸಿ ಹೊಲಿಯುತ್ತಿದ್ದ, ಬೆರಳಿಗೆ ದಬ್ಬಳ ಚುಚ್ಚಿದರೂ ಸರಿಯೇ. ಯಾಕೆಂದರೆ ಅದನ್ನು ಬರೆದ ಪಾಪದವನು ಅವನೇ.

ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಬದುಕಿನಲ್ಲಿ ಮೊದಲ ಸಲ, ಒಂದು ತಿಂಗಳು ಕೂತು ತಾನೇ ಬರೆದಿದ್ದ. ಇತಿಹಾಸದ ಮೇಷ್ಟ್ರು ಮೊದಲ ಸಾಲು ಓದಿ, ಕನ್ನಡಕದ ಮೇಲಿಂದ ನೋಡಿ, "ಇದನ್ನ ಎಲ್ಲಿಂದ ತಂದೆ?" ಎಂದು ಕೇಳಿದ್ದರು. ನಾನೇ ಬರೆದೆ ಎಂದರೆ ಇಡೀ ಕ್ಲಾಸು ನಕ್ಕಿತ್ತು. ಮೇಷ್ಟ್ರು ಮುಂದಿನ ಸಾಲು ಓದದೆ ಒಂದು ದುಂಡನೆಯ ಸೊನ್ನೆ ಎಳೆದರು. ಸಿಡುಕ ಅಂದು ಗೇಟು ದಾಟಿ ಬಂದವನು, ಪ್ರಾಜೆಕ್ಟನ್ನು ಮಾವನ ಮೇಜಿನ ಮೇಲೆ ಬಿಸಾಡಿ, ಇನ್ನು ಶಾಲೆಯ ಕಡೆ ತಲೆ ಹಾಕಿ ಮಲಗುವುದಿಲ್ಲ ಎಂದಿದ್ದ. ಮಾವ ಸಮಾಧಾನವನ್ನೂ ಹೇಳಿದರು, ಪ್ರಾಜೆಕ್ಟನ್ನೂ ಅತ್ತೆಯಿಂದ ಟೈಪು ಮಾಡಿಸಿ ಡಬ್ಬಕ್ಕೆ ಹಾಕಿದರು. ಕಾಗದ ದಂಡ ಮಾಡುವವರಲ್ಲ ಅವರು.

ಸೊನ್ನೆ ಬಿದ್ದ ಆ ಬರಹವನ್ನೇ ಹೊತ್ತುಕೊಂಡು ಹೋಗಿ ಏಳು ವರ್ಷವೂ ಮಕ್ಕಳು ಇಪ್ಪತ್ತಕ್ಕೆ ಹದಿನೆಂಟು, ಹತ್ತೊಂಬತ್ತು ಅಂಕ ಬಾಚಿಕೊಂಡರು. ಹೊಟ್ಟೆ ಉರಿಯದೆ ಇರುತ್ತದೆಯೇ?

ಈಗ ಆ ಸಿಡುಕನಿಗೇ ಹತ್ತನೆಯ ಸರ್ಟಿಫಿಕೇಟು ಬೇಕಾಗಿತ್ತು. ಊರಿನ ಆ ಕೊನೆಯಲ್ಲಿ ಒಂದು ದೊಡ್ಡ ಪ್ರೆಸ್ಸಿತ್ತು. ಅಲ್ಲಿ ಪುಸ್ತಕ ಹೊಲಿಯುವ ಯಂತ್ರವೊಂದನ್ನು ಅವನು ಕಿಟಕಿಯಿಂದ ನೋಡಿದ್ದ. ಅವನು ಒಂದು ಪುಸ್ತಕ ಹೊಲಿಯುವ ಹೊತ್ತಿಗೆ ಅದು ಐವತ್ತು ಹೊಲಿದು, ಒಂದನ್ನೂ ಬೈಯದೆ ಆಚೆ ಇಡುತ್ತಿತ್ತು. ಆ ಯಂತ್ರವನ್ನು ಕಂಡ ದಿನದಿಂದ ಅವನಿಗೆ ಬೇರೆ ಏನೂ ರುಚಿಸುತ್ತಿರಲಿಲ್ಲ. ಪ್ರೆಸ್ಸಿನ ಮೇಲ್ವಿಚಾರಕರು ಅವನ ಹೊಲಿಗೆ ನೋಡಿ, "ಕೈ ಚೆನ್ನಾಗಿದೆ, ಹತ್ತನೇದು ಪಾಸಾದ ಕಾಗದ ತಾ, ಯಂತ್ರ ನಿನ್ನದು" ಎಂದಿದ್ದರು. ಖಾಸಗಿಯಾಗಿ ಪರೀಕ್ಷೆಗೆ ಕಟ್ಟಿದ್ದ. ಗಣಿತ ಹೇಗೋ ದಾಟಿತು, ವಿಜ್ಞಾನ ತೆವಳಿಕೊಂಡು ದಾಟಿತು. ಉಳಿದದ್ದು ಇತಿಹಾಸದ ಪ್ರಾಜೆಕ್ಟು ಒಂದೇ. ವಿಷಯ ಅದೇ ಮೊಂಡುಮೂಗ. ಅಂಕ ಹಾಕುವವರು ಅದೇ ಮೇಷ್ಟ್ರು.

"ತಲೆ ಯಾಕೆ ಕೆಡಿಸ್ಕೋತೀಯ? ಡಬ್ಬದಿಂದ ಒಂದು ತೆಗೊಂಡು ಹೋಗು," ಎಂದರು ಮಾವ. "ನೀನೇ ಬರೆದಿದ್ದು ತಾನೇ. ಕದ್ದ ಹಾಗೂ ಆಗಲ್ಲ."

"ಆ ಡಬ್ಬದ ಹೆಸರು ನನ್ನ ಮುಂದೆ ಎತ್ತಬೇಡಿ ಮಾವ. ಹೊಸದಾಗಿ ಬರೀತೀನಿ. ಈ ಸಲ ಆ ಮನುಷ್ಯ ಓದಲೇಬೇಕು."

"ಓದ್ತಾರೆ ಓದ್ತಾರೆ. ಇನ್ನೂರ ನಲವತ್ತು ಮಕ್ಕಳು, ಎರಡು ಕಣ್ಣು," ಎಂದು ಅತ್ತೆ ಕೀಲಿಮಣೆ ಕುಟ್ಟುತ್ತಲೇ ಹೇಳಿದರು. ಅತ್ತೆ ಟೈಪು ಮಾಡುವಾಗ ಅಕ್ಷರ ಕಣ್ಣಿನಿಂದ ನೇರ ಬೆರಳಿಗೆ ಇಳಿಯುತ್ತಿತ್ತು. ನಡುವೆ ತಲೆ ಎಂಬ ನಿಲ್ದಾಣದಲ್ಲಿ ನಿಲ್ಲುವುದು ಅಪರೂಪ.

ಸಿಡುಕ ಗ್ರಂಥಾಲಯಕ್ಕೆ ಹೋದ. ಮೊಂಡುಮೂಗನ ಮೇಲೆ ಅಲ್ಲಿದ್ದದ್ದು ಎರಡೇ ಪುಸ್ತಕ, ಎರಡಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಒಂದರ ಪ್ರಕಾರ ದೊರೆಯ ಸೈನ್ಯ ಅರವತ್ತು ಸಾವಿರ, ಇನ್ನೊಂದರ ಪ್ರಕಾರ ಆರು ಸಾವಿರ. ಒಂದರಲ್ಲಿ ಜನ ದಾರಿಯುದ್ದಕ್ಕೂ ಹೂ ಚೆಲ್ಲಿದರು, ಇನ್ನೊಂದರಲ್ಲಿ ದಾರಿ ಬಿಟ್ಟು ಕಾಡಿಗೆ ಓಡಿದರು. ಯಾವುದನ್ನು ನಂಬುವುದು? ಸಿಡುಕ ಎರಡನ್ನೂ ತಿರುಗಿಸಿ ಬೆನ್ನು ನೋಡಿದ. ಅರವತ್ತು ಸಾವಿರದ ಪುಸ್ತಕಕ್ಕೆ ಬರೀ ಅಂಟು ಬಳಿದಿದ್ದರು, ಹಾಳೆಗಳು ಕೈಗೆ ಉದುರುತ್ತಿದ್ದವು. ಆರು ಸಾವಿರದ್ದಕ್ಕೆ ಎಂಟು ತೂತು ಹಾಕಿ ಅಚ್ಚುಕಟ್ಟಾಗಿ ಹೊಲಿದಿದ್ದರು. ಇಷ್ಟು ನಿಯತ್ತಾಗಿ ಹೊಲಿಸಿದವನು ಸುಳ್ಳು ಯಾಕೆ ಬರೆದಾನು ಎಂದು ಆರು ಸಾವಿರವನ್ನೇ ಗಟ್ಟಿ ಮಾಡಿಕೊಂಡ. ಒಂದು ವಿಷಯದಲ್ಲಿ ಮಾತ್ರ ಎರಡು ಪುಸ್ತಕವೂ ಒಪ್ಪುತ್ತಿದ್ದವು. ಹದಿನಾರನೇ ವಯಸ್ಸಿಗೆ ಮುಂಚಿನ ದೊರೆಯ ಬದುಕು ಯಾರಿಗೂ ಗೊತ್ತಿಲ್ಲ.

ವಾರವಿಡೀ ಮಧ್ಯಾಹ್ನದ ಬಿಡುವಿನಲ್ಲಿ ಬೈಂಡಿಂಗ್ ಮೇಜಿನ ಮೇಲೆ ಕೂತು ಬರೆದ. ಬರೆದದ್ದಕ್ಕಿಂತ ಕಾಗದದ ಮೇಲೆ ದೊರೆಯ ಜೊತೆ ಜಗಳವಾಡಿದ್ದೇ ಹೆಚ್ಚು. "ಆರು ಸಾವಿರ ಸೈನಿಕರೆಂದರೆ ಹನ್ನೆರಡು ಸಾವಿರ ಕಾಲು. ನೀರಿನಲ್ಲಿ ನೆನೆದ ತೊಗಲಿನ ಚಪ್ಪಲಿಯ ಹೊಲಿಗೆ ಒಣಗುವಾಗ ಬಿಡುತ್ತದೆ. ಈ ಮಹಾನುಭಾವ ಹದಿನೇಳು ನದಿ ದಾಟಿಸಿದ. ಅಷ್ಟು ಸಲ ಕೂತು ಹೊಲಿದವರು ಯಾರು? ಯಾವ ಪುಸ್ತಕದಲ್ಲೂ ಅವರ ಸುದ್ದಿಯಿಲ್ಲ. ದೊರೆ ಗೆದ್ದ ಎನ್ನುತ್ತಾರೆ. ಗೆದ್ದದ್ದು ದಾರ." ಬರೆದು ಮುಗಿಸಿ, ಎಂಟು ತೂತು ಹಾಕಿ ತಾನೇ ಹೊಲಿದು, ಬುಧವಾರ ರಸ್ತೆ ದಾಟಿದ.

ಇತಿಹಾಸದ ಮೇಷ್ಟ್ರಿಗೆ ಸಿಡುಕನ ಗುರುತು ಸಿಗಲಿಲ್ಲ. ಸ್ಟಾಫ್ ರೂಮಿನಲ್ಲಿ ಅವರ ಮೇಜಿನ ಮೇಲೆ ಪ್ರಾಜೆಕ್ಟುಗಳ ಗೋಪುರವೇ ಎದ್ದಿತ್ತು. ಅವರದೊಂದು ಕ್ರಮವಿತ್ತು. ಪ್ರಾಜೆಕ್ಟನ್ನು ಕೈಗೆ ತೆಗೆದುಕೊಂಡು, ನಟ್ಟನಡುವೆ ಹೆಬ್ಬೆರಳು ತೂರಿಸಿ ತೆರೆಯುವರು. ಅಲ್ಲಿ ಬಾಣದ ಗುರುತಿರುವ ಚಿತ್ರ ಕಂಡರೆ ಒಂದು ಗೀಟು, ಅಂಕ, ಸಹಿ. ಸಿಡುಕನದಕ್ಕೂ ಹೆಬ್ಬೆರಳು ತೂರಿಸಿದರು. ಹಿಂದಿನ ಪುಟ ನೋಡಿದರು, ಮುಂದಿನ ಪುಟ ನೋಡಿದರು.

"ಎಲ್ಲಪ್ಪಾ ಚಿತ್ರ?"

"ಯಾವ ಚಿತ್ರ ಸಾರ್?"

"ನಾಲ್ಕು ಹಂತದ್ದು. ಬಾಣದ ಗುರುತು ಇರೋದು. ದೊರೆಯ ಬಾಲ್ಯ ಎಲ್ಲಿ?"

"ಬಾಲ್ಯ ಯಾರಿಗೂ ಗೊತ್ತಿಲ್ಲ ಸಾರ್. ಎರಡು ಪುಸ್ತಕ ನೋಡಿದೆ. ಎರಡರಲ್ಲೂ ಹದಿನಾರನೇ ವಯಸ್ಸಿಂದಲೇ ಶುರು."

ಮೇಷ್ಟ್ರು ಕರುಣೆಯಿಂದ ನಕ್ಕರು. "ಒಂಬತ್ತನೇ ಕ್ಲಾಸಿನ ಮಕ್ಕಳಿಗೆಲ್ಲ ಗೊತ್ತಿದೆ. ಏಳು ವರ್ಷದಿಂದ ಒಬ್ಬರೂ ಬಿಡದೆ ಬರೀತಿದಾರೆ, ಏಳನೇ ಪುಟದಲ್ಲಿ. ನಿನಗೊಬ್ಬನಿಗೆ ಗೊತ್ತಿಲ್ಲ ಅಂದ್ರೆ ನೀನು ಓದಿಲ್ಲ ಅಂತ. ಶುಕ್ರವಾರ ಮಧ್ಯಾಹ್ನದೊಳಗೆ ಬಾಲ್ಯ ಸೇರಿಸಿ ತಾ. ಇಲ್ಲಾಂದ್ರೆ ಪ್ರಾಜೆಕ್ಟಿಗೆ ಅಂಕ ಇಲ್ಲ, ಸರ್ಟಿಫಿಕೇಟೂ ಇಲ್ಲ."

ಸಿಡುಕ ಬುಸುಗುಡುತ್ತ ಅಂಗಡಿಗೆ ಬಂದವನೇ ಹಲಗೆಯಿಂದ ದೊರೆಯ ಡಬ್ಬವನ್ನು ಎಳೆದ. ಏಳು ವರ್ಷದ ವ್ರತ ಮುರಿದು ಏಳನೆಯ ಪುಟ ತೆಗೆದ. ನಿಂತವನು ಓದುತ್ತ ಓದುತ್ತ ಕೂತ.

"ದೊರೆಯವರ ಬೆಳವಣಿಗೆ. ದೊರೆಯವರು ತಮ್ಮ ಬಾಲ್ಯವನ್ನು ಪೂರ್ತಿಯಾಗಿ ನೀರಿನಲ್ಲೇ ಕಳೆಯುತ್ತಾರೆ. ಈ ಹಂತದಲ್ಲಿ ಅವರಿಗೆ ಕಾಲುಗಳಿರುವುದಿಲ್ಲ. ಕಿವಿರುಗಳ ಮೂಲಕ ಉಸಿರಾಡುತ್ತಾರೆ, ಪಾಚಿ ತಿನ್ನುತ್ತಾರೆ. ಕೆಲವು ವಾರಗಳ ನಂತರ ದೊರೆಯವರಿಗೆ ಮೊದಲು ಹಿಂಗಾಲುಗಳು, ಆಮೇಲೆ ಮುಂಗಾಲುಗಳು ಮೂಡುತ್ತವೆ. ಕ್ರಮೇಣ ಬಾಲ ಕುಗ್ಗಿ ಇಲ್ಲವಾಗುತ್ತದೆ. ಆಗ ದೊರೆಯವರು ದಡಕ್ಕೆ ಬಂದು, ಅಂಟುನಾಲಿಗೆ ಚಾಚಿ ನೊಣಗಳನ್ನು ಹಿಡಿಯುತ್ತಾರೆ. ಮಳೆ ಬಂದಾಗ ಗಂಟಲು ಉಬ್ಬಿಸಿ ಕೂಗಿ ಸಂಗಾತಿಯನ್ನು ಕರೆಯುತ್ತಾರೆ."

ಕೆಳಗೆ ನಾಲ್ಕು ಹಂತದ ಚಿತ್ರ, ನಡುನಡುವೆ ಬಾಣ. ನಾಲ್ಕನೆಯದರ ತಲೆಯ ಮೇಲೆ ಯಾವ ವರ್ಷವೋ ಯಾರೋ ಒಂದು ಕಿರೀಟವನ್ನೂ ಬರೆದಿದ್ದರು.

"ಅತ್ತೆ," ಎಂದ ಸಿಡುಕ. ಅವನ ದನಿ ಎಷ್ಟು ತಣ್ಣಗಿತ್ತೆಂದರೆ ಅತ್ತೆ ಹೆದರಿ ಕೀಲಿಮಣೆಯಿಂದ ಕೈ ತೆಗೆದರು. "ಇದು ಕಪ್ಪೆ."

ಅತ್ತೆ ಕನ್ನಡಕ ಏರಿಸಿ ನೋಡಿದರು. "ಹೂಂ ಕಣೋ. ನೀನು ಬರೆದಿದ್ದರಲ್ಲಿ ಕಪ್ಪೆ ಅಂತಲೇ ಇತ್ತು. ಎಷ್ಟೇ ಕೋಪ ಬಂದ್ರೂ ಅಷ್ಟು ದೊಡ್ಡ ದೊರೆನ ಕಪ್ಪೆ ಕಪ್ಪೆ ಅಂತ ಬೈಯೋದು ಸರಿಯಲ್ಲ ಅನ್ನಿಸ್ತು. ಟೈಪು ಮಾಡುವಾಗ ಎಲ್ಲಾ ಕಡೆ 'ದೊರೆಯವರು' ಅಂತ ತಿದ್ದಿದೆ. ನೀನು 'ಅದು' ಅಂತ ಬೇರೆ ಬರೆದಿದ್ದೆ. ಅದನ್ನೂ ಮರ್ಯಾದೆಗೆ ತಂದೆ."

"ಬಾಲ ಕುಗ್ಗುತ್ತೆ ಅಂತ ಇದೆಯಲ್ಲ, ಅದೂ ಬೈಗುಳ ಅಂದ್ಕೊಂಡ್ರಾ?"

"ನೀನು ಬೈಯೋದು ಕೇಳಿದವರು ಯಾರಾದ್ರೂ ಹಾಗೇ ಅಂದ್ಕೋತಾರೆ."

ಆಗ ಸಿಡುಕನಿಗೆ ಹೊಳೆಯಿತು. ಅವನು ಅಂಗಡಿಗೆ ಸೇರಿದ ಮೊದಲ ದಿನ. ಮೇಜಿನ ಮೇಲೆ ಬಿಡಿಹಾಳೆಗಳ ಎರಡು ಕಟ್ಟು, ಒಂದು ಅವನ ದೊರೆ, ಇನ್ನೊಂದು ಯಾವುದೋ ಹುಡುಗಿಯ ಕಪ್ಪೆ. ಕೋಪದಲ್ಲಿ ಮೇಜನ್ನು ಒದ್ದಿದ್ದ. ಎರಡೂ ನೆಲಕ್ಕೆ ಚೆಲ್ಲಿದ್ದವು. ಆರಿಸಿ ಜೋಡಿಸುವಾಗ ತನ್ನ ಬರಹದ ಮುಖ ನೋಡಲು ಇಷ್ಟವಿಲ್ಲದೆ, ಮೂಲೆಯ ಪುಟಸಂಖ್ಯೆ ಮಾತ್ರ ನೋಡಿ ಜೋಡಿಸಿದ್ದ. ಇಲ್ಲಿ ಒಂದರಿಂದ ಹದಿನೈದು, ಅಲ್ಲೂ ಒಂದರಿಂದ ಹದಿನೈದು. ಲೆಕ್ಕ ಸರಿಯಾಗಿತ್ತು. ಏಳನೆಯ ಪುಟಗಳು ಮಾತ್ರ ಮನೆ ಬದಲಾಯಿಸಿದ್ದವು.

ಏಳು ವರ್ಷದಲ್ಲಿ ಮೊದಲ ಬಾರಿಗೆ ಅವನಿಗೆ ಬೈಯಲು ತನ್ನನ್ನು ಬಿಟ್ಟರೆ ಯಾರೂ ಸಿಗಲಿಲ್ಲ. ಅದು ಅಭ್ಯಾಸವಿಲ್ಲದ ಕೆಲಸ, ಹೊತ್ತು ಹಿಡಿಯಿತು.

ಮಾವನ ಮುಖ ಮಾತ್ರ ಬಿಳಿಚಿಕೊಂಡಿತ್ತು. "ಲೋ ಅಳಿಯ, ಇದು ಈ ನಾಲ್ಕು ಗೋಡೆ ಬಿಟ್ಟು ಆಚೆ ಹೋಗಬಾರದು. ಏಳು ವರ್ಷದಿಂದ ಮಕ್ಕಳು ಕಪ್ಪೆ ಬರೆದು ಪಾಸಾಗ್ತಿದಾರೆ. ಶಾಲೆಗೆ ಗೊತ್ತಾದ್ರೆ ನಮ್ಮ ಅಂಗಡಿ ಮುಂದೆ ನೊಣವೂ ಸುಳಿಯಲ್ಲ. ಈಗೇನು, ನಿನಗೆ ಸರ್ಟಿಫಿಕೇಟು ಬೇಕು, ಅವರಿಗೆ ಬಾಣ ಬೇಕು. ಆ ಪುಟ ಸೇರಿಸಿ ಹೊಲಿ, ಕೊಟ್ಟು ಬಾ, ಬಾಯಿಗೆ ಬೀಗ ಹಾಕ್ಕೋ."

"ಒಂದು ಪುಟ ತಾನೇ ಕಂದ," ಎಂದರು ಅತ್ತೆ. "ಯಂತ್ರದ ಮುಂದೆ ಕೂತಾಗ ಕಪ್ಪೆ ನೆನಪಿಗೆ ಬರುತ್ತಾ?"

ಸಿಡುಕ ಒಂದು ಇಡೀ ಗುರುವಾರ ಯಾರ ಮೇಲೂ ರೇಗಲಿಲ್ಲ. ಗಿರಾಕಿಗಳು ಅವನಿಗೆ ಮೈ ಹುಷಾರಿಲ್ಲವೇ ಎಂದು ಕೇಳಿದರು. ಸಂಜೆಯ ಹೊತ್ತಿಗೆ ಹೊಲಿಗೆ ಬಿಚ್ಚಿ, ಕಿರೀಟದ ಕಪ್ಪೆಯನ್ನು ಏಳನೆಯ ಪುಟವಾಗಿ ಇಟ್ಟು, ಮತ್ತೆ ಹೊಲಿದ. ಈ ಸಲ ಮುಖ ತಿರುಗಿಸಲಿಲ್ಲ.

ಶುಕ್ರವಾರ ಮೇಷ್ಟ್ರು ಹೆಬ್ಬೆರಳು ತೂರಿಸಿದರು. ಬಾಣಗಳು ಕಂಡವು. ಮುಖ ಅರಳಿತು.

"ನೋಡು, ಹುಡುಕಿದರೆ ಸಿಗುತ್ತೆ. ಯಾವ ಪುಸ್ತಕದಲ್ಲಿ ಸಿಕ್ತು?"

ಮೇಷ್ಟ್ರಿಗೆ ಉತ್ತರವೇನೂ ಬೇಕಿರಲಿಲ್ಲ. ಕೆಂಪು ಪೆನ್ನು ತೆಗೆದು ಹೊದಿಕೆಯ ಮೇಲೆ ಒಂದು ಗೀಟು ಎಳೆದು, 'ಒಂದು' ಎಂಬ ಅಂಕಿ ಬರೆದರು. ಪಕ್ಕದಲ್ಲಿ ಎಂಟು ಬರಬೇಕು. ಬಂದರೆ ಹದಿನೆಂಟು, ಸರ್ಟಿಫಿಕೇಟು, ಕಿಟಕಿಯಾಚೆಯ ಯಂತ್ರ. ಪೆನ್ನಿನ ಮೊನೆ ಕಾಗದಕ್ಕೆ ತಾಗುವುದಿತ್ತು. ಸಿಡುಕನ ಕೈ ಅವನ ಮಾತು ಕೇಳದೆ ಮುಂದೆ ಹೋಗಿ ಹೊದಿಕೆಯ ಮೇಲೆ ಅಂಗೈ ಊರಿತು.

"ಓದಿ ಸಾರ್."

"ಏನು?"

"ಅವತ್ತು ಓದದೆ ಸೊನ್ನೆ ಹಾಕಿದ್ರಿ. ಇವತ್ತು ಓದದೆ ಹದಿನೆಂಟು ಹಾಕ್ತಿದೀರ. ಏಳನೇ ಪುಟ ಒಂದು ಓದಿ. ಆಮೇಲೆ ಏನು ಬೇಕಾದ್ರೂ ಹಾಕಿ."

ಮೇಷ್ಟ್ರು ಅವನ ಮುಖವನ್ನು ಬಹಳ ಹೊತ್ತು ನೋಡಿದರು. ಗುರುತು ಸಿಕ್ಕಿತೋ ಏನೋ, ಕನ್ನಡಕ ಒರೆಸಿಕೊಂಡು ಓದಲು ಶುರು ಮಾಡಿದರು.

"ಬಾಲ್ಯವನ್ನು ನೀರಿನಲ್ಲೇ ಕಳೆಯುತ್ತಾರೆ. ಸರಿಯಾಗೇ ಇದೆ. ಹದಿನೇಳು ನದಿ ದಾಟಿದವನು, ಚಿಕ್ಕಂದಿನಲ್ಲೇ ಈಜು ಕಲಿತಿರಬೇಕು."

"ಮುಂದೆ ಓದಿ ಸಾರ್."

"ಕಾಲುಗಳಿರುವುದಿಲ್ಲ. ಅಂದ್ರೆ ಇನ್ನೂ ನಡೆಯೋಕೆ ಬರಲ್ಲ ಅಂತ. ಕಿವಿರು." ಮೇಷ್ಟ್ರು ಸ್ವಲ್ಪ ತಡೆದರು. "ಕಿವಿರು ಅನ್ನೋದು ಒಂದು ಅಲಂಕಾರ. ಹಿಂದಿನವರು ಹೀಗೆಲ್ಲ ವರ್ಣಿಸ್ತಿದ್ರು."

"ಹಿಂಗಾಲು?"

"ಕುದುರೆದು. ಕುದುರೆ ಇತ್ತಲ್ಲ ಅವನಿಗೆ."

"ಬಾಲ?"

"ಅದೂ ಕುದುರೆದೇ."

"ನಾಲಿಗೆ ಚಾಚಿ ನೊಣ ಹಿಡಿಯೋದು, ಅದೂ ಕುದುರೆನಾ ಸಾರ್?"

ಮೇಷ್ಟ್ರು ಪಠ್ಯಪುಸ್ತಕವನ್ನು ಎಳೆದು ವಿಗ್ರಹದ ಫೋಟೋ ತೆಗೆದರು. ಮೂಗಿಲ್ಲದ ಅಗಲ ಮುಖ. ಅದನ್ನು ಕಿರೀಟದ ಚಿತ್ರದ ಪಕ್ಕ ಇಟ್ಟು ನೋಡಿದರು. "ಹೋಲಿಕೆ ಏನೋ ಇದೆ," ಎಂದರು ಕ್ಷೀಣವಾಗಿ. ಆಮೇಲೆ ಕನ್ನಡಕ ತೆಗೆದಿಟ್ಟರು. "ನನ್ನ ಮಗನೂ ಇದನ್ನೇ ಬರೆದ. ಮೊದಲ ಬಹುಮಾನ ಕೊಟ್ಟೆವು. ವೇದಿಕೆ ಮೇಲೆ ಓದಿಸಿದ್ವಿ. ಎಲ್ಲರೂ ಚಪ್ಪಾಳೆ ತಟ್ಟಿದ್ರು."

"ಪುಟ ಅದಲು ಬದಲು ಮಾಡಿದ್ದು ನಾನೇ ಸಾರ್. ಕೋಪದಲ್ಲಿ. ಮಾವನ ತಪ್ಪಿಲ್ಲ. ನನ್ನ ಸರ್ಟಿಫಿಕೇಟು ಬೇಕಾದ್ರೆ ಹಿಡ್ಕೊಳ್ಳಿ, ಅಂಗಡಿಗೆ ಏನೂ ಮಾಡಬೇಡಿ."

ಮೇಷ್ಟ್ರು ಗೋಪುರದ ಕಡೆ ನೋಡಿದರು. ಆ ಗೋಪುರದಲ್ಲಿ ಇನ್ನೂ ಎಷ್ಟು ದೊರೆಗಳು ನೊಣ ಹಿಡಿಯುತ್ತ ಕೂತಿದ್ದರೋ. "ಇದನ್ನ ಹೊರಗೆ ಹೇಳಿದ್ರೆ ಮೊದಲು ಹೋಗೋದು ನನ್ನ ಮಾನ," ಎಂದರು. "ಆ ಪುಟ ತೆಗಿ."

ಸಿಡುಕ ಜೇಬಿನಿಂದ ಸಣ್ಣ ಚಾಕು ತೆಗೆದು, ಉಳಿದ ಹಾಳೆಗೆ ಗೀರು ಕೂಡ ಬೀಳದಂತೆ ಕಪ್ಪೆಯನ್ನು ಬಿಡಿಸಿ ಕೊಟ್ಟ. ಮೇಷ್ಟ್ರು ಅದನ್ನು ಮಡಚಿ ಕಿಸೆಗೆ ಹಾಕಿಕೊಂಡು, ಮೊದಲ ಪುಟ ತೆರೆದರು. ಗಂಟೆ ಹೊಡೆಯಿತು, ಅವರು ಏಳಲಿಲ್ಲ. ಮೇಷ್ಟ್ರಿಲ್ಲದ ಕ್ಲಾಸಿನಿಂದ ಗದ್ದಲ ಕೇಳಿಬಂತು, ಅವರು ಏಳಲಿಲ್ಲ. ಸಿಡುಕ ನಿಂತೇ ಇದ್ದ. ತಾನು ಬರೆದದ್ದನ್ನು ಒಬ್ಬ ಮನುಷ್ಯ ಸಾಲು ಸಾಲಾಗಿ ಓದುವುದನ್ನು ಅವನು ನೋಡಿದ್ದು ಇದೇ ಮೊದಲು. ಕೂರಲು ಮನಸ್ಸಾಗಲಿಲ್ಲ.

"ಆರು ಸಾವಿರ ಅಂತ ಬರೆದಿದೀಯ. ಇನ್ನೊಂದು ಪುಸ್ತಕದಲ್ಲಿ ಅರವತ್ತು ಅಂತಿದೆ. ಇದನ್ನೇ ಯಾಕೆ ನಂಬಿದೆ?"

"ಹೊಲಿಗೆ ಚೆನ್ನಾಗಿತ್ತು ಸಾರ್."

ಮೇಷ್ಟ್ರು ಮೇಲೆ ನೋಡಿದರು. ಅವನು ತಮಾಷೆ ಮಾಡುತ್ತಿರಲಿಲ್ಲ. "ಎರಡು ಅಂಕ ಕಡಿಮೆ," ಎಂದು ಬರೆದುಕೊಂಡರು. ಹನ್ನೊಂದನೆಯ ಪುಟಕ್ಕೆ ಬಂದಾಗ ಪೆನ್ನು ನಿಂತಿತು. ದಾರ ಗೆದ್ದ ಜಾಗ. ಎರಡು ಸಲ ಓದಿದರು.

"ಇದನ್ನ ಎಲ್ಲಿಂದ ತಂದೆ?"

ಅದೇ ಪ್ರಶ್ನೆ, ಅದೇ ದನಿ. ಸಿಡುಕನ ಕಿವಿ ಕಾದವು.

"ನನ್ನ ಮೇಜಿಂದ ಸಾರ್. ಹೊಲಿಯೋ ಕೆಲಸ ನನ್ನದು. ನೆನೆದ ಹೊಲಿಗೆ ಬಿಡುತ್ತೆ ಅಂತ ನನಗೆ ಗೊತ್ತು. ಆ ದೊರೆಗೆ ಗೊತ್ತಿತ್ತೋ ಇಲ್ವೋ ಗೊತ್ತಿಲ್ಲ."

"ಹೂಂ," ಎಂದರು ಮೇಷ್ಟ್ರು. "ಚೆನ್ನಾಗಿದೆ. ಆದರೆ ಆಧಾರ ಇಲ್ಲ. ಎರಡು ಅಂಕ ಕಡಿಮೆ."

ಹೊದಿಕೆಯ ಮೇಲೆ ಆಗಲೇ ಒಂದು ಇತ್ತು. ಪಕ್ಕದಲ್ಲಿ ನಾಲ್ಕು ಬರೆದು ಸಹಿ ಹಾಕಿದರು. ಪಾಸಾಗಲು ಏಳು ಸಾಕಿತ್ತು.

ಸಿಡುಕ ರಸ್ತೆ ದಾಟಿ ಬರುವುದನ್ನು ಮಾವ ಅಂಗಡಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅಳಿಯ ನಗುತ್ತಿದ್ದ. ಮಾವನಿಗೆ ಜೀವ ಬಾಯಿಗೆ ಬಂತು. "ಮುಗೀತು," ಎಂದರು ಒಳಗೆ ತಿರುಗಿ, "ಇವನು ಎಲ್ಲಾ ಹೇಳಿಬಿಟ್ಟಿದಾನೆ."

"ಹೇಳಿದೆ," ಎಂದ ಸಿಡುಕ. "ಅವರು ಯಾರಿಗೂ ಹೇಳಲ್ಲ. ಮಾವ, ಇಲ್ಲಿ ನೋಡಿ, ಎರಡು ಅಂಕ ಕಳೆದಿದಾರೆ. ಇಲ್ಲೂ ಎರಡು. ಇಲ್ಲಿ ದೀರ್ಘ ಬಿಟ್ಟಿದೀನಿ ಅಂತ ತಿದ್ದಿ ಒಂದು ಕಳೆದಿದಾರೆ. ಇಲ್ಲಿ ಇನ್ನೊಂದು." ಒಂದೊಂದು ಕೆಂಪು ಗೆರೆಯನ್ನೂ ಬೆರಳಿಟ್ಟು ತೋರಿಸಿದ, ಮಗುವಿನ ಹಲ್ಲು ತೋರಿಸುವ ತಂದೆಯ ಹಾಗೆ.

"ಅಂಕ ಕಳೆದ್ರೆ ಇಷ್ಟು ಖುಷಿ ಪಡೋನನ್ನ ನಾನು ಇವತ್ತೇ ನೋಡಿದ್ದು," ಎಂದರು ಅತ್ತೆ.

ಮಧ್ಯಾಹ್ನ ಸಿಡುಕ ಹಲಗೆಯಿಂದ ಕಪ್ಪೆಯ ಡಬ್ಬವನ್ನು ಇಳಿಸಿದ. ದೊರೆಯೊಳಗೆ ಕಪ್ಪೆ ಹೊಕ್ಕಿದ್ದರೆ, ಕಪ್ಪೆಯೊಳಗೆ ದೊರೆ ಹೊಕ್ಕಿರಲೇಬೇಕಲ್ಲ. ಏಳನೆಯ ಪುಟ ತೆಗೆದ. ಮಾವ ಅವನ ಭುಜದ ಮೇಲಿಂದ ಇಣುಕಿದರು.

"ಕಪ್ಪೆಯು ತನ್ನ ಹದಿನಾರನೆಯ ವಯಸ್ಸಿನಲ್ಲಿ, ಇಷ್ಟು ಕಾಲ ತನ್ನನ್ನು ಮೂಲೆಯಲ್ಲಿ ಕೂರಿಸಿ ದುಡಿಸಿಕೊಂಡ ಸೋದರಮಾವನನ್ನು ಗದ್ದುಗೆಯಿಂದ ಕೆಳಗಿಳಿಸಿ, ಆನೆಗಳ ಸಮೇತ ಮೊದಲ ನದಿಯನ್ನು ದಾಟಿತು."

"ಇದನ್ನೂ ನಾನೇ ತಿದ್ದಿದ್ದು," ಎಂದರು ಅತ್ತೆ ಹೆಮ್ಮೆಯಿಂದ. "ಆ ಹುಡುಗಿ ಮುದ್ದಿಗೆ ಕಪ್ಪೆನ ದೊರೆ ದೊರೆ ಅಂತ ಬರೆದಿದ್ದಳು."

ಮಾವ ಆ ಸಾಲನ್ನು ಇನ್ನೊಮ್ಮೆ ಓದಿದರು. ಬೈಂಡಿಂಗ್ ಮೇಜು ನೋಡಿದರು, ಮೂಲೆ ನೋಡಿದರು, ಅಳಿಯನ ಕೈಯಲ್ಲಿದ್ದ ದಬ್ಬಳ ನೋಡಿದರು.

"ಇದನ್ನ ನೀನು ಒಂಬತ್ತನೇ ಕ್ಲಾಸಲ್ಲೇ ಬರೆದಿದ್ದಾ?"

"ಹೂಂ ಮಾವ. ಇಲ್ಲಿಗೆ ಸೇರೋಕೆ ಮುಂಚೆನೇ."

"ಆಯ್ತು," ಎಂದರು ಮಾವ, ಒಂದು ಹೆಜ್ಜೆ ಹಿಂದೆ ಸರಿಯುತ್ತ. "ಪ್ರೆಸ್ಸಿನವರು ಯಾವತ್ತಿಂದ ಬಾ ಅಂದಿದಾರೆ? ಸೋಮವಾರವೇ ಹೋಗಿಬಿಡು."